ಮುಖವಾಡದಂಗಡಿಯ ಮೇಲಿನ ಅಟ್ಟ

ನೋವನ್ನು ನಗೆಯಲ್ಲಿ ಹೇಳಿದರೆ ಅದು ಹಗುರಾಗುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿ ಕೂತಿದೆ. ಅಳಿಸುವ ಕಲೆಗೆ ಸಲ್ಲುವ ಮರ್ಯಾದೆ ನಗಿಸುವ ಕಲೆಗೆ ಸಲ್ಲುವುದಿಲ್ಲ. ಜೇಮ್ಸ್ ಎನ್ಸೋರ್‌ನ ಚಿತ್ರಗಳನ್ನು ನೋಡಿದ ಮೇಲೆ ನಾನು ಈ ನಂಬಿಕೆಯನ್ನು ಒಪ್ಪಲಾರೆ.

ಎನ್ಸೋರ್ 1860ರಲ್ಲಿ ಬೆಲ್ಜಿಯಂನ ಕಡಲ ತಡಿಯ ಓಸ್ಟೆಂಡ್‌ನಲ್ಲಿ ಹುಟ್ಟಿದ. ತಾಯಿಯ ಕಡೆಯವರದು ಪ್ರವಾಸಿಗರಿಗೆ ಕಪ್ಪೆಚಿಪ್ಪು, ಪಿಂಗಾಣಿ, ಕಾರ್ನಿವಲ್ ಮುಖವಾಡ ಮಾರುವ ಅಂಗಡಿ. ಬ್ರಸೆಲ್ಸ್‌ನಲ್ಲಿ ಮೂರು ವರ್ಷ ಕಲಿತು 1880ರಲ್ಲಿ ಮನೆಗೆ ಮರಳಿದವನು ಅಟ್ಟವನ್ನೇ ಚಿತ್ರಶಾಲೆ ಮಾಡಿಕೊಂಡ. ಮದುವೆಯಾಗಲಿಲ್ಲ, ಬದುಕಿನ ಬಹುಪಾಲು ಆ ಊರಲ್ಲೇ ಕಳೆಯಿತು. ಕುಡಿತಕ್ಕೆ ಬಿದ್ದಿದ್ದ ತಂದೆ 1887ರಲ್ಲಿ ತೀರಿಕೊಂಡ. ಅವನ ಚಿತ್ರಗಳನ್ನು ವಿಮರ್ಶಕರು ಹೀಗಳೆದರು.

ಮರುವರ್ಷ ಆತ ಎರಡೂವರೆ ಮೀಟರ್ ಎತ್ತರ, ನಾಲ್ಕು ಮೀಟರಿಗೂ ಮಿಕ್ಕಿದ ಅಗಲದ ಕ್ಯಾನ್ವಾಸಿನ ಮೇಲೆ ‘1889ರಲ್ಲಿ ಬ್ರಸೆಲ್ಸ್‌ಗೆ ಕ್ರಿಸ್ತನ ಪ್ರವೇಶ’ ಬರೆದ. ಕಣ್ಣಿಗೆ ರಾಚುವ ಕೆಂಪು, ಹಸಿರು, ಹಳದಿ. ಬ್ಯಾಂಡಿನವರು, ಪಾದ್ರಿಗಳು, ಸಿಪಾಯಿಗಳು, ಉಬ್ಬುಮೂಗಿನ ಮುಖವಾಡಗಳು ನಮ್ಮ ಮೈಮೇಲೇ ನುಗ್ಗಿ ಬರುತ್ತವೆ. ಕ್ರಿಸ್ತ ಎಲ್ಲಿ? ಕತ್ತೆಯ ಮೇಲೆ, ದೂರದಲ್ಲಿ, ಪುಟ್ಟದಾಗಿ. ಆ ಮುಖದಲ್ಲಿ ಎನ್ಸೋರ್‌ನ ಛಾಯೆಯನ್ನೇ ಅನೇಕರು ಕಂಡಿದ್ದಾರೆ. ಯಾರೂ ಕ್ರಿಸ್ತನತ್ತ ನೋಡುತ್ತಿಲ್ಲ. ಇದನ್ನೇ ಗಂಭೀರವಾಗಿ ಬರೆದಿದ್ದರೆ ನೊಂದ ಒಂದು ಮುಖ ನಮ್ಮೆದುರು ಇರುತ್ತಿತ್ತು, ನಾವು ಮರುಗಿ ಮುಂದೆ ಹೋಗುತ್ತಿದ್ದೆವು. ನಗೆ ಇಲ್ಲಿ ನೊಂದವನನ್ನು ಚಿಕ್ಕದಾಗಿಸಿ, ನೋಯಿಸುವ ಬೀದಿಯನ್ನೇ ಎದುರಿಗೆ ತಂದು ನಿಲ್ಲಿಸುತ್ತದೆ. ನೋವು ಹುಟ್ಟುವ ಜಾಗ ಕಾಣುವುದು ಹೀಗೆ. ಏಕಾಂತಕ್ಕೆ ಸರಿದವನು ಇಷ್ಟು ಜನರನ್ನು ಬರೆದದ್ದು ನನಗೆ ಅಚ್ಚರಿಯಲ್ಲ. ಅಟ್ಟದಿಂದ ನೋಡಿದರೆ ಬೀದಿ ಚೆನ್ನಾಗಿಯೇ ಕಾಣುತ್ತದೆ.

ಇದು ಬರೀ ಸೇಡು ಅಲ್ಲವೇ ಎಂದು ಕೇಳಬಹುದು. 1896ರ ‘ಅಪಾಯಕಾರಿ ಅಡುಗೆಯವರು’ ಚಿತ್ರದಲ್ಲಿ ವಿಮರ್ಶಕರ ಊಟಕ್ಕೆ ಬರುತ್ತಿರುವುದು ತಟ್ಟೆಯಲ್ಲಿಟ್ಟ ಎನ್ಸೋರ್‌ನ ತಲೆ. 1891ರ ಇನ್ನೊಂದು ಚಿತ್ರದಲ್ಲಿ ಎರಡು ಅಸ್ಥಿಪಂಜರಗಳು ಒಂದು ಒಣ ಹೆರಿಂಗ್ ಮೀನನ್ನು ಕಚ್ಚಿ ಎಳೆದಾಡುತ್ತವೆ. ಫ್ರೆಂಚ್‌ನಲ್ಲಿ ಆ ಒಣಮೀನಿನ ಹೆಸರೂ ‘ಎನ್ಸೋರ್ ಕಲೆ’ ಎಂಬ ಮಾತೂ ಕಿವಿಗೆ ಹೆಚ್ಚುಕಡಿಮೆ ಒಂದೇ. ಸೇಡಿದೆ, ನಿಜ. ಆದರೆ ಸೇಡಷ್ಟೇ ಇದ್ದವನು ತನ್ನನ್ನು ಹೊರಗಿಡುತ್ತಾನೆ. ಎನ್ಸೋರ್ 1888ರಲ್ಲೇ ‘1960ರಲ್ಲಿ ನನ್ನ ಭಾವಚಿತ್ರ’ ಎಂಬ ಎಚಿಂಗ್ (ಅಚ್ಚುಚಿತ್ರ) ಮಾಡಿದ: ನೂರು ತುಂಬಿದ ತಾನು, ಮಲಗಿರುವ ಎಲುಬಿನ ಗೂಡು. ತಾನೇ ನಗುವುದು ಆತ್ಮಸ್ಥ, ಪರರನ್ನು ನಗಿಸುವುದು ಪರಸ್ಥ ಎಂದು ನಾಟ್ಯಶಾಸ್ತ್ರ ಹಾಸ್ಯವನ್ನು ಎರಡಾಗಿ ವಿಂಗಡಿಸುತ್ತದೆ. ಈ ಎಚಿಂಗಿನಲ್ಲಿ ಆ ಗೆರೆ ಅಳಿಸಿಹೋಗಿದೆ. ಹಾಗಾಗಿಯೇ ಉಳಿದವರನ್ನು ನೋಡಿ ನಗುವ ಹಕ್ಕು ಅವನಿಗಿತ್ತು ಎನ್ನುತ್ತೇನೆ.

‘ಕ್ರಿಸ್ತನ ಪ್ರವೇಶ’ ಸಾರ್ವಜನಿಕ ಪ್ರದರ್ಶನಕ್ಕೆ ಬಂದದ್ದು 1929ರಲ್ಲಿ, ಬರೆದು ನಲವತ್ತು ವರ್ಷ ಕಳೆದ ಮೇಲೆ. ಅದೇ ವರ್ಷ ದೊರೆ ಅವನಿಗೆ ಬ್ಯಾರನ್ ಪದವಿ ಕೊಟ್ಟ. ಹಳೆಯ ಫೋಟೋಗಳಲ್ಲಿ ಆ ಚಿತ್ರ ಅವನ ಮನೆಯ ಗೋಡೆ ತುಂಬ ಹರಡಿಕೊಂಡಿದೆ. ಮುದುಕ ಎನ್ಸೋರ್ ಅದರ ಕೆಳಗೆ ಕೂತು ಹಾರ್ಮೋನಿಯಂ ನುಡಿಸುತ್ತಿದ್ದಾನೆ, ಆ ಇಡೀ ಮೆರವಣಿಗೆ ಅವನ ತಲೆಯ ಮೇಲಿದೆ.