ಕನ್ನಡವನ್ನು ವಾಲಿಸಬೇಡಿ ಮಾರಾಯ್ರೇ

ಕಳೆದ ಮಳೆಗಾಲಕ್ಕೆ ಮುಂಚೆ ಅಮ್ಮ ತೀರ್ಥಹಳ್ಳಿಯಿಂದ ಫೋನ್ ಮಾಡಿದ್ದಳು. "ಕಣ್ಣಿಗೆ ಪೊರೆ ಬಂತೇನೋ ಮಾರಾಯ, ಮೊಬೈಲಿನಲ್ಲಿ ಆ ಒಂದು ಸಾಲು ಏನ್ ಮಾಡಿದ್ರೂ ಓದಕ್ಕಾಗ್ತಿಲ್ಲ" ಅಂದಳು. ಶಿವಮೊಗ್ಗಕ್ಕೆ ಹೋಗಿ ಕನ್ನಡಕ ಬದಲಾಯಿಸಿಕೊಂಡು ಬಂದಳು. ಆಮೇಲೂ ಓದಲಾಗಲಿಲ್ಲ. ಕೊನೆಗೆ ಬೇಜಾರಾಗಿ ಅದರ ಕೆಳಗಿದ್ದ 'ಒಪ್ಪಿಗೆ' ಒತ್ತಿದಳು. ಮಾಡಿನ ಹೆಂಚು ಬದಲಿಸಲು ಇಟ್ಟಿದ್ದ ದುಡ್ಡು ಇನ್ನೊಂದು ವರ್ಷಕ್ಕೆ ಠೇವಣಿಯಾಗಿ ಕೂತುಬಿಟ್ಟಿತು.

ಆ ಸಾಲಿಗೆ ಬೋಲ್ಡ್ ಇಟಾಲಿಕ್ ಹಾಕಿದವನು ನಾನೇ..

ನಾನು ಕೆಲಸ ಮಾಡುವ ಕಂಪನಿ ಇಂಥ ಆಪ್‌ಗಳನ್ನು ಮಾಡಿಕೊಡುತ್ತದೆ. 'ಎಚ್ಚರಿಕೆಯ ಮಾತೆಲ್ಲ ಬೋಲ್ಡ್ ಇಟಾಲಿಕ್‌ನಲ್ಲಿರಲಿ' ಅನ್ನೋದು ನಮ್ಮ ಡಿಸೈನ್ ನಿಯಮ. ಇಂಗ್ಲಿಷಿಗೆಂದು ಬರೆದ ನಿಯಮ ಅದು, ಕನ್ನಡದ ಪುಟಕ್ಕೂ ಕಣ್ಣುಮುಚ್ಚಿ ಹಾಕಿದೆ. ಆಪ್ ಗಾತ್ರ ಕಮ್ಮಿ ಇರಲಿ ಅಂತ ನೋಟೋ ಸಾನ್ಸ್ ಕನ್ನಡದ ರೆಗ್ಯುಲರ್ ಫಾಂಟ್ ಒಂದನ್ನೇ ಸೇರಿಸಿದ್ದೆವು. ಆ ಫಾಂಟ್ ಕುಟುಂಬದಲ್ಲಿ ಬೋಲ್ಡ್ ಇದೆ, ಇಟಾಲಿಕ್ ಇಲ್ಲವೇ ಇಲ್ಲ. ಇಲ್ಲದ್ದನ್ನು ಕೇಳಿದರೆ ಕಂಪ್ಯೂಟರ್ 'ಇಲ್ಲ' ಅನ್ನೋದಿಲ್ಲ, ತಾನೇ ಒಂದು ಸುಳ್ಳು ಸೃಷ್ಟಿಸಿ ಕೊಡುತ್ತದೆ.

ಅದು ಹೇಗೆ ಅಂತ ನೋಡಿ. ಬೋಲ್ಡ್ ಬೇಕೆಂದರೆ ಅಕ್ಷರದ ಅಂಚಿನ ಸುತ್ತ ಒಂದೇ ಸಮ ಮಸಿ ಬಳಿಯುತ್ತದೆ. ಮಸಿ ಹೊರಗೂ ಹರಡುತ್ತದೆ, ಒಳಗೂ ತುಂಬುತ್ತದೆ. ನಮ್ಮ ಲಿಪಿಯ ಜೀವ ಇರೋದೇ ಒಳಗಿನ ಖಾಲಿ ಜಾಗದಲ್ಲಿ. 'ರ'ಕ್ಕೂ 'ಠ'ಕ್ಕೂ ಒಂದು ಚುಕ್ಕಿಯ ವ್ಯತ್ಯಾಸ, 'ದ'ಕ್ಕೂ 'ಧ'ಕ್ಕೂ ಕೆಳಗಿನ ಒಂದು ಸಣ್ಣ ಗೀರಿನ ವ್ಯತ್ಯಾಸ. ಚಿಕ್ಕ ಗಾತ್ರದಲ್ಲಿ ಮಸಿ ತುಂಬಿತೋ, 'ಠೇವಣಿ' ಹೋಗಿ 'ರೇವಣಿ', 'ಧನಸಹಾಯ' ಹೋಗಿ 'ದನಸಹಾಯ' :-)

ಇಟಾಲಿಕ್ ಬೇಕೆಂದರೆ ಇನ್ನೂ ಕೆಟ್ಟದ್ದು. ಇಡೀ ಅಕ್ಷರವನ್ನು ಹಿಡಿದು ಓರೆಯಾಗಿ ತಳ್ಳುತ್ತದೆ (ಸಿಎಸ್‌ಎಸ್ ನಿಯಮದ ಪ್ರಕಾರ, ಕೋನ ಹೇಳದಿದ್ದರೆ ಈ ಓರೆ 14 ಡಿಗ್ರಿ). ಅಕ್ಷರ ಕೂರುವ ಗೆರೆಯಿಂದ ಮೇಲಿರೋದು ಬಲಕ್ಕೆ ಹೋಗುತ್ತದೆ, ಕೆಳಗಿರೋದು ಎಡಕ್ಕೆ. ಇಂಗ್ಲಿಷಿನಲ್ಲಿ ಗೆರೆ ಕೆಳಗೆ ಇಳಿಯುವುದು ನಾಲ್ಕೈದು ಅಕ್ಷರದ ಬಾಲ ಮಾತ್ರ. ನಮ್ಮಲ್ಲಿ ಅಲ್ಲಿ ಒತ್ತಕ್ಷರ ಕೂತಿರುತ್ತದೆ! 'ರಾಷ್ಟ್ರ' ಅಂತ ಬರೆದು ವಾಲಿಸಿ ನೋಡಿ. ಆಳಕ್ಕೆ ಹೋದಷ್ಟೂ ಜಾರುವುದು ಜಾಸ್ತಿ. ಬಲಗಡೆ ಕೂರಬೇಕಾದ ಒತ್ತು ತನ್ನ ಅಕ್ಷರದ ಹೊಟ್ಟೆಯ ಕೆಳಗೆ ನುಗ್ಗುತ್ತದೆ, ಮೇಲಿನ ತಲೆಕಟ್ಟು ಪಕ್ಕದವರ ಮನೆಗೆ ಹೋಗುತ್ತದೆ.

ಇಂಗ್ಲಿಷಿನ ಇಟಾಲಿಕ್ ಹುಟ್ಟಿದ್ದು ಬರೀ ವಾಲಿದ ಅಕ್ಷರವಾಗಿ ಅಲ್ಲ. 1500ರ ಸುಮಾರಿಗೆ ವೆನಿಸ್ಸಿನ ಆಲ್ಡಸ್ ಮನೂಷಿಯಸ್‌ಗಾಗಿ ಫ್ರಾಂಚೆಸ್ಕೊ ಗ್ರಿಫೊ ಕೆತ್ತಿದ್ದು ಆಗಿನವರ ವೇಗದ ಕೈಬರಹದ ಮಾದರಿಯನ್ನು. ಟೈಮ್ಸ್ ನ್ಯೂ ರೋಮನ್‌ನ ಸಣ್ಣ 'ಎ' ನೋಡಿ, ಇಟಾಲಿಕ್ ಆದಾಗ ಅದರ ಆಕಾರವೇ ಬದಲಾಗುತ್ತದೆ. ಅದರ ಬೋಲ್ಡ್ ಇಟಾಲಿಕ್ ಕೂಡ ಬೇರೆಯಾಗಿ ಕೂತು ಬಿಡಿಸಿದ್ದು. ಅಷ್ಟು ಕೆಲಸ ಮಾಡಿದವರ ಅಕ್ಷರಕ್ಕೆ ಹಾಕಿದ ನಿಯಮವನ್ನು, ಆ ಕೆಲಸವೇ ಆಗದ ನಮ್ಮ ಈ ಫಾಂಟಿಗೆ ಹಾಕಿದರೆ?

"ಸಿನಿಮಾ ಪೋಸ್ಟರಿನಲ್ಲಿ ದಪ್ಪಗೆ ವಾಲಿದ ಕನ್ನಡ ಎಷ್ಟು ಚೆಂದ ಇರ್ತಿತ್ತು" ಅಂತ ನೀವು ಕೇಳೇ ಕೇಳ್ತೀರಿ. ಒಪ್ಪಿದೆ, ನನಗೂ ಅದು ಇಷ್ಟ. ಆದರೆ ಅದನ್ನು ಬರೆದ ಕಲಾವಿದ ಪ್ರತಿ ಅಕ್ಷರವನ್ನೂ ಕೈಯಲ್ಲೇ ಬಿಡಿಸುತ್ತಿದ್ದ. ದಪ್ಪ ಮಾಡುವಾಗ ಒಳಗಿನ ಕಣ್ಣು ಮುಚ್ಚದ ಹಾಗೆ ಅಕ್ಷರವನ್ನು ಅಗಲ ಮಾಡುತ್ತಿದ್ದ, ಒತ್ತು ಎಲ್ಲಿ ಕೂರಬೇಕೋ ಅಲ್ಲಿಗೆ ಎಳೆದು ತರುತ್ತಿದ್ದ. ಮೇಲಾಗಿ ಅವನು ಬರೆಯುತ್ತಿದ್ದದ್ದು ಆಳೆತ್ತರದ ಹೆಸರು, ಅಂಗೈಯಗಲದ ಪರದೆಯ ಷರತ್ತಲ್ಲ. ಅಂಥ ಶೀರ್ಷಿಕೆಯ ಫಾಂಟನ್ನು ಯಾರಾದರೂ ಕೂತು ಬಿಡಿಸಿದರೆ ಮೊದಲು ಕೊಳ್ಳುವವನು ನಾನು. ನನ್ನ ಜಗಳ ವಾಲುವುದರ ಜೊತೆಗಲ್ಲ, ಮೆಷೀನು ತಳ್ಳುವುದರ ಜೊತೆಗೆ.

ಇನ್ನು ಒತ್ತಿ ಹೇಳೋದಕ್ಕೆ ಕನ್ನಡಕ್ಕೆ ಓರೆ ಅಕ್ಷರ ಬೇಕೇ ಬೇಕಾ? 'ರಾಮ ಬಂದ' ಅನ್ನೋದನ್ನು 'ರಾಮನೇ ಬಂದ' ಅಂದರೆ ಆಯ್ತು, 'ಬಂದೇ ಬಂದ' ಅಂದರೆ ಇನ್ನೂ ಆಯ್ತು. ಇಂಗ್ಲಿಷಿನವರು ಓರೆ ಮಾಡಿ ಹೇಳುವ ಎಷ್ಟೋ ಮಾತಿಗೆ ನಮಗೆ ಒಂದು 'ಏ' ಸಾಕು. ಆದರೂ ನೀವು.. ಹೌದು, ನಿಮಗೇ ಹೇಳ್ತಿರೋದು.. ಬ್ಲಾಗಿನಲ್ಲಿ ಇಡೀ ಕವಿತೆಯನ್ನು ಬೋಲ್ಡ್ ಇಟಾಲಿಕ್ ಮಾಡಿ ಹಾಕ್ತೀರಲ್ಲ, ಅದನ್ನು ಒಮ್ಮೆ ಮೊಬೈಲಿನಲ್ಲಿ ಓದಿ ನೋಡಿ. ಸಿಎಸ್‌ಎಸ್ ಗೊತ್ತಿದ್ದವರು ಫಾಂಟ್-ಸಿಂಥೆಸಿಸ್ ಅನ್ನೋದಕ್ಕೆ ನನ್ ಅಂತ ಕೊಟ್ಟುಬಿಡಿ, ಬ್ರೌಸರ್ ಸುಳ್ಳು ಸೃಷ್ಟಿಸೋದು ನಿಲ್ಲುತ್ತದೆ.

ಆಫೀಸಿನಲ್ಲೂ ಇದನ್ನೇ ಬರೆದು ಬಗ್ ಹಾಕಿದೆ. 'ಎಲ್ಲಾ ಭಾಷೆಗೂ ಒಂದೇ ರೀತಿ ಇರಬೇಕು' ಅಂತ ಎರಡೇ ದಿನಕ್ಕೆ ಮುಚ್ಚಿದರು. ಮತ್ತೆ ತೆರೆದಿದ್ದೇನೆ, ಈ ಸಲ ಅಮ್ಮನ ಮೊಬೈಲಿನ ಸ್ಕ್ರೀನ್‌ಶಾಟ್ ಲಗತ್ತಿಸಿ.

ಠೇವಣಿ ಮುರಿದು ಹೆಂಚು ಹಾಕಿಸಿದ್ದಾಯ್ತು, ಬಡ್ಡಿ ಹೋಯ್ತು. ಹೊಸ ಕನ್ನಡಕ ಅಮ್ಮನಿಗೆ ತಲೆನೋವು ತರುತ್ತದಂತೆ. ಹಳೆಯದನ್ನೇ ಹಾಕ್ಕೋ ಅಂದೆ. ಯಾಕೆ ಅಂತ ಇನ್ನೂ ಹೇಳಿಲ್ಲ.