ಜಾತಕದ ಜೊತೆಗೊಂದು ಕಾಗದ

ನಮ್ಮ ಟಿ. ದಾಸರಹಳ್ಳಿಯವರು ತುಮಕೂರು ರಸ್ತೆಯ ಗದ್ದಲದಲ್ಲಿಯೂ ಸುಖವಾಗಿ ನಿದ್ರಿಸಬಲ್ಲರು. ಆದರೆ ಕೆಲವು ದಿನಗಳ ಹಿಂದೆ ನೆರೆಮನೆಯಲ್ಲಿ ಯಾರಿಗೂ ನಿದ್ರೆ ಹತ್ತಲಿಲ್ಲ. ತವರಿಗೆ ಬಂದಿದ್ದ ಚೊಚ್ಚಲ ಬಸುರಿಯ 20ನೆಯ ವಾರದ ಸ್ಕ್ಯಾನ್ ವರದಿಯಲ್ಲಿ, ಶಿಶುವಿನ ಹೃದಯದ ಎಡಬದಿಗೆ ಒಂದು ಸಿರೆ ಹೆಚ್ಚಾಗಿದೆಯೆಂದು ಬರೆದಿತ್ತು. "ಗ್ರಹಣದಲ್ಲಿ ಹೊರಗೆ ಬಂದಳಲ್ಲ!" ಎಂದರು ಹಿರಿಯರೊಬ್ಬರು. ಆ ಹುಡುಗಿ ಅಂದಿನಿಂದ ಅನ್ನ ಬಿಟ್ಟಳು.

ಮೇಷ್ಟರೆಂಬ ಗೌರವದಿಂದ ವರದಿ ನನ್ನ ಕೈಗೆ ಬಂದಿತು. ಕನ್ನಡದ ಮೇಷ್ಟರಿಗೆ ಸಿರೆಯ ವಿಚಾರ ಏನು ತಿಳಿದೀತು? ವೈದ್ಯಮಿತ್ರರಿಂದ ಕೇಳಿ ತಿಳಿದುದನ್ನು ವಾಚಕರ ಮುಂದಿಡುತ್ತಿದ್ದೇನೆ.

ಗರ್ಭದ ಮೊದಲ ವಾರಗಳಲ್ಲಿ, ದೇಹದ ಮೇಲ್ಭಾಗದ ರಕ್ತವನ್ನು ಹೃದಯಕ್ಕೆ ಮರಳಿಸಲು ಎಡಬಲಗಳಲ್ಲಿ ಎರಡು ಸಿರೆಗಳಿರುತ್ತವೆ. ಸುಮಾರು 8ನೆಯ ವಾರದಲ್ಲಿ ಎಡದಿಂದ ಬಲಕ್ಕೆ ಸೇತುವೆಯಂತೆ ಅಡ್ಡಸಿರೆಯೊಂದು ಮೂಡುತ್ತದೆ. ಆಮೇಲೆ ಎಡದ ಹಾದಿ ಮುಚ್ಚಿ, ಬರಿಯ ತಂತುವಾಗಿ ಉಳಿಯುತ್ತದೆ. ಆಂಗ್ಲ ವೈದ್ಯ ಜಾನ್ ಮಾರ್ಷಲ್ 1850ರಲ್ಲಿ ಇದನ್ನು ವಿವರಿಸಿದನು. ಸಾವಿರದಲ್ಲಿ 3ರಿಂದ 5 ಮಂದಿಗೆ ಆ ಹಾದಿ ಮುಚ್ಚುವುದೇ ಇಲ್ಲ. ಸೇತುವೆ ಕಟ್ಟುವ ಆ ಹೊತ್ತಿಗೆ ಎಷ್ಟೋ ತಾಯಂದಿರಿಗೆ ತಾವು ಬಸುರಿಯೆಂಬುದೇ ಖಚಿತವಾಗಿರುವುದಿಲ್ಲ. ಅವರನ್ನು ದೂರುವುದು ಯಾವ ನ್ಯಾಯ?

ಬಹುಮಂದಿಯಲ್ಲಿ ಈ ಸಿರೆಯ ರಕ್ತವೂ ಬಲ ಹೃತ್ಕರ್ಣವನ್ನೇ ಸೇರುವುದರಿಂದ ಜೀವಮಾನವೆಲ್ಲ ಬಾಧೆಯಿಲ್ಲ. ಎಲ್ಲೋ ಕೆಲವರಲ್ಲಿ ಅದು ಎಡ ಹೃತ್ಕರ್ಣವನ್ನು ಸೇರಿ ಶುದ್ಧ ರಕ್ತದೊಡನೆ ಬೆರೆಯುತ್ತದೆ. ಆಗ ಮೈ ನೀಲಿಗಟ್ಟಬಹುದು, ಹೆಪ್ಪುಗಟ್ಟಿದ ರಕ್ತ ಮಿದುಳನ್ನೂ ಮುಟ್ಟಬಹುದು. ಹೃದಯದ ಬೇರೆ ಜನ್ಮದೋಷಗಳು ಜೊತೆಗಿರುವುದೂ ಉಂಟು. ಆದುದರಿಂದ ಎಕೋ ಪರೀಕ್ಷೆಯಿಂದ ಶಿಶುವಿನ ಹೃದಯವನ್ನೆಲ್ಲ ನೋಡಿಸಲೇಬೇಕು. ಸರ್ಕಾರದ ಜಯದೇವ ಹೃದ್ರೋಗ ಸಂಸ್ಥೆಯಿರುವ ಬೆಂಗಳೂರಿನಲ್ಲಿ ಇದಕ್ಕೆ ತಜ್ಞರ ಅಭಾವವಿಲ್ಲ.

ನಿರಪಾಯವಾದ ಸಿರೆಯೂ ಒಮ್ಮೊಮ್ಮೆ ವೈದ್ಯರನ್ನು ತಬ್ಬಿಬ್ಬುಗೊಳಿಸುತ್ತದೆ. ಮುಂದೆಂದೋ ಪೇಸ್‌ಮೇಕರ್ ಇಡುವಾಗ ಎಡಗಡೆಯಿಂದ ಕಳುಹಿಸಿದ ತಂತಿ ಎಂದಿನ ದಾರಿ ಬಿಟ್ಟು ಈ ಹಳೆಯ ಹಾದಿಯಲ್ಲಿ ಇಳಿಯುತ್ತದೆ. ಹೃದಯದ ಶಸ್ತ್ರಚಿಕಿತ್ಸೆಯಲ್ಲಿಯೂ ಇದನ್ನು ಮೊದಲೇ ಬಲ್ಲವರು ಕ್ರಮವನ್ನು ಬದಲಾಯಿಸಿಕೊಳ್ಳುತ್ತಾರೆ. ಅಪಾಯವಿರುವುದು ಸಿರೆಯಲ್ಲಿ ಅಷ್ಟಾಗಿ ಅಲ್ಲ, ಅದನ್ನು ಅರಿಯದಿರುವುದರಲ್ಲಿ.

ಎಕೋ ಪರೀಕ್ಷೆಯಲ್ಲಿ ಶಿಶುವಿಗೆ ಬೇರಾವ ದೋಷವೂ ಕಾಣಲಿಲ್ಲ. ಅಂದು ಆ ಹುಡುಗಿ ಹೊಟ್ಟೆತುಂಬ ಉಂಡಳು. ಗ್ರಹಣದ ಮಾತೆತ್ತಿದ ಹಿರಿಯರು ಮಗುವಿನ ಜಾತಕ ಬರೆಸಲು ಈಗಲೇ ಆತುರಪಡುತ್ತಿದ್ದಾರೆ. ಬರೆಸಲಿ, ಆದರೆ ಅದೇ ಪೆಟ್ಟಿಗೆಯಲ್ಲಿ ಈ ವರದಿಯೂ ಭದ್ರವಾಗಿರಲಿ. ಮಗು ದೊಡ್ಡದಾದ ಮೇಲೆ ವೈದ್ಯರು ಕೇಳುವುದು ಅದನ್ನೇ.