ಮುಚ್ಚಿದ್ದೂ ಸರಿ, ತೆರೆದದ್ದೂ ಸರಿ ಎನ್ನುವವರಿಗೆ

ರೆಡಿಸ್ ಬಿಟ್ಟು ವ್ಯಾಲ್ಕೀಗೆ ಬನ್ನಿ, ಅದರ ಸುತ್ತಲಿನ ಸಲಕರಣೆಗಳನ್ನೂ ಲೈಸೆನ್ಸ್ ಓದಿಯೇ ಆರಿಸಿಕೊಳ್ಳಿ ಎಂದು ಬರೆದಿದ್ದೆ. ಅದಕ್ಕೆ ಆಕ್ಷೇಪಗಳು ಬಂದಿವೆ. ಬೈಗುಳಗಳನ್ನು ಬದಿಗಿಟ್ಟು, ವಾದ ಎನ್ನಬಹುದಾದವನ್ನು ಮಾತ್ರ ಇಲ್ಲಿ ಎತ್ತಿಕೊಳ್ಳುತ್ತೇನೆ. ತೀರ್ಪು ಓದುಗರದು.

ಹೊಸಬರಿಗಾಗಿ ಎರಡು ಮಾತು. ಮಾಹಿತಿಯನ್ನು ಪ್ರತಿಸಲ ಡಿಸ್ಕಿನಿಂದ ಹೆಕ್ಕಿ ತರುವ ಬದಲು ರ‍್ಯಾಮಿನಲ್ಲೇ ಇಟ್ಟುಕೊಂಡು ಕೇಳಿದ ಕ್ಷಣ ಕೊಡುವ ಡೇಟಾಬೇಸುಗಳ ಪೈಕಿ ಹೆಚ್ಚು ಬಳಕೆಯಲ್ಲಿರುವುದು ರೆಡಿಸ್. ನೀವು ಲಾಗಿನ್ ಆಗಿದ್ದೀರೆಂದು ನೆನಪಿಡುವುದು, ಓಟಿಪಿಯ ಅವಧಿ ಮುಗಿದೊಡನೆ ಅಳಿಸುವುದು, ಕೆಲಸಗಳನ್ನು ಸಾಲಿನಲ್ಲಿ ನಿಲ್ಲಿಸುವುದು ಇಂಥ ತೆರೆಮರೆಯ ಚಾಕರಿ ಅದರದು. ಇಟಲಿಯ ಸಾಲ್ವತೋರೆ ಸಾನ್‌ಫಿಲಿಪ್ಪೊ 2009ರಲ್ಲಿ ಅದನ್ನು ಬರೆದು, ಬಿಎಸ್‌ಡಿ ಎಂಬ ಉದಾರ ಲೈಸೆನ್ಸಿನಲ್ಲಿ ಹಂಚಿದರು. 2024ರ ಮಾರ್ಚ್ 20ರಂದು ರೆಡಿಸ್ ಕಂಪನಿ, ಮುಂದಿನ ಆವೃತ್ತಿಗಳಿಗೆ ಆ ಲೈಸೆನ್ಸ್ ಇಲ್ಲ ಎಂದಿತು. ಜಗಳ ಅಲ್ಲಿಂದ ಶುರು.

ಮೊದಲ ವಾದ: ಅಮೆಜಾನಿನಂಥ ಕ್ಲೌಡ್ ದೈತ್ಯರು ರೆಡಿಸನ್ನು ಪುಕ್ಕಟೆ ತಿಂದು ಕೊಬ್ಬುತ್ತಿದ್ದರು, ಕಂಪನಿ ಆತ್ಮರಕ್ಷಣೆಗಾಗಿ ಬಾಗಿಲು ಹಾಕಿತು. ಕೇಳಲು ಚೆನ್ನಾಗಿದೆ. ಆದರೆ ಈ ಕಂಪನಿ ಹುಟ್ಟಿದ್ದು ಹೇಗೆ? 2011ರಲ್ಲಿ ಗರಾಂಟಿಯ ಡೇಟಾ ಎಂಬ ಹೆಸರಿನಲ್ಲಿ, ತಾನು ಬರೆಯದ ಮೆಮ್‌ಕ್ಯಾಶ್‌ಡಿ ಮತ್ತು ರೆಡಿಸನ್ನು ಕ್ಲೌಡಿನಲ್ಲಿ ನಡೆಸಿಕೊಟ್ಟು ಹಣ ಪಡೆಯಲೆಂದೇ. ಆ ಹೊತ್ತಿನಲ್ಲಿ ಸಾನ್‌ಫಿಲಿಪ್ಪೊ ಅವರಿಗೆ ಸಂಬಳ ಕೊಡುತ್ತಿದ್ದದ್ದು ವಿಎಂವೇರ್, ಆಮೇಲೆ ಪಿವೋಟಲ್. ಅವರು ಈ ಕಂಪನಿಯ ಆಶ್ರಯಕ್ಕೆ ಬಂದದ್ದು 2015ರಲ್ಲಿ. ಬೇರೆಯವರ ಮುಕ್ತ ಕೋಡನ್ನು ಬಾಡಿಗೆಗೆ ಕೊಟ್ಟು ಬೆಳೆದವರು ಅದೇ ವ್ಯಾಪಾರ ಮಾಡುವ ಇನ್ನೊಬ್ಬರನ್ನು ಕಳ್ಳರೆಂದರೆ ನಗದೆ ಇನ್ನೇನು ಮಾಡೋಣ? ಇನ್ನು ದೈತ್ಯರು ಏನನ್ನೂ ಮರಳಿಸಲಿಲ್ಲ ಎಂಬುದು ಸುಳ್ಳು. 2020ರಲ್ಲಿ ಸಾನ್‌ಫಿಲಿಪ್ಪೊ ಹಿಂದೆ ಸರಿದ ಮೇಲೆ ರೆಡಿಸನ್ನು ನೋಡಿಕೊಂಡ ಮುಖ್ಯ ತಂಡದಲ್ಲಿ ಅಮೆಜಾನಿನ ಮ್ಯಾಡಲಿನ್ ಓಲ್ಸನ್ ಇದ್ದರು, ಅಲಿಬಾಬಾದ ಝಾವ್ ಝಾವ್ ಇದ್ದರು. ಕೋಡ್ ಕೊಡುತ್ತಿದ್ದವರಿಗೇ ಬಾಗಿಲು ಹಾಕಿದ್ದರಿಂದ ಎಂಟು ದಿನದಲ್ಲಿ, ಮಾರ್ಚ್ 28ಕ್ಕೆ, ಲಿನಕ್ಸ್ ಫೌಂಡೇಶನ್ನಿನ ಆಸರೆಯಲ್ಲಿ, ರೆಡಿಸಿನ ಬಿಎಸ್‌ಡಿ ಕೋಡಿನಿಂದಲೇ ಕವಲೊಡೆದ ವ್ಯಾಲ್ಕೀ ಎದ್ದು ನಿಂತಿತು. ಬೆನ್ನಿಗೆ ಅಮೆಜಾನ್, ಗೂಗಲ್, ಒರಾಕಲ್, ಎರಿಕ್ಸನ್, ಸ್ನ್ಯಾಪ್. ದೈತ್ಯರನ್ನು ಕಟ್ಟಿಹಾಕಲು ಹಾಕಿದ ಬೀಗ ದೈತ್ಯರಿಗೆ ತಗಲಲೇ ಇಲ್ಲ. ಅವರು ತಮ್ಮ ಎಂಜಿನಿಯರುಗಳನ್ನು ಕರೆದುಕೊಂಡು ಹೊರನಡೆದರು. ಒಳಗೆ ಉಳಿದು ಲೈಸೆನ್ಸಿನ ಪುಟ ತಿರುವುತ್ತಾ ಕೂತದ್ದು ವಕೀಲರನ್ನಿಟ್ಟುಕೊಳ್ಳಲಾಗದ ಸಣ್ಣ ಕಂಪನಿಗಳು.

ಬಳಸುವವರಾರೂ ಹಣ ಕೊಡುವುದಿಲ್ಲ ಎಂಬ ಉಪವಾದವೂ ಇದರ ಬಾಲದಲ್ಲಿ ಬಂದಿದೆ. ದೂರ ಹೋಗುವುದು ಬೇಡ. ಬೆಂಗಳೂರಿನ ಝೆರೋಧ 2024ರ ಅಕ್ಟೋಬರಿನಲ್ಲಿ ಫ್ಲಾಸ್ ಫಂಡ್ ಎಂಬ ನಿಧಿ ತೆರೆದು, ಮುಕ್ತ ತಂತ್ರಾಂಶಗಳಿಗೆ ವರ್ಷಕ್ಕೆ 10 ಲಕ್ಷ ಡಾಲರ್ ಕೊಡುವುದಾಗಿ ಘೋಷಿಸಿತು. ಲೈಸೆನ್ಸ್ ಬಿಗಿ ಮಾಡಿ ಹೆದರಿಸಿದ್ದರಿಂದ ಬಂದ ಹಣವಲ್ಲ ಅದು.

ಎರಡನೆಯ ವಾದ: ಕೋಡ್ ಎಲ್ಲರಿಗೂ ಕಾಣುವಂತೆ ಇತ್ತಲ್ಲ, ಇನ್ನೇನು ಬೇಕು? ಕಾಣುವುದು ಬೇರೆ, ಬಳಸುವ ಹಕ್ಕು ಬೇರೆ. 2024ರಲ್ಲಿ ಕಂಪನಿ ಮುಂದಿಟ್ಟ ಎರಡು ಆಯ್ಕೆಗಳನ್ನು ನೋಡಿ. ಒಂದು, ರೆಡಿಸನ್ನು ಸೇವೆಯಾಗಿ ಇನ್ನೊಬ್ಬರಿಗೆ ಒದಗಿಸಬಾರದು ಎನ್ನುತ್ತದೆ. ಇನ್ನೊಂದು ಎಸ್‌ಎಸ್‌ಪಿಎಲ್. ಹಾಗೆ ಒದಗಿಸುವುದಾದರೆ ಅದನ್ನು ನಡೆಸಲು ಬಳಸಿದ ಉಸ್ತುವಾರಿ, ಬ್ಯಾಕಪ್, ಬಳಕೆದಾರರ ಪರದೆ ಎಲ್ಲದರ ಕೋಡನ್ನೂ ಬಿಚ್ಚಿಡಬೇಕು ಎನ್ನುತ್ತದೆ. ಓಪನ್ ಸೋರ್ಸ್ ಇನಿಶಿಯೇಟಿವ್ ಸಂಸ್ಥೆ 2021ರ ಜನವರಿಯಲ್ಲೇ ಎಸ್‌ಎಸ್‌ಪಿಎಲ್ ಮುಕ್ತ ಲೈಸೆನ್ಸ್ ಅಲ್ಲ ಎಂದು ಸ್ಪಷ್ಟವಾಗಿ ಹೇಳಿತ್ತು. ಅಷ್ಟೇ ಅಲ್ಲ. 2018ರಲ್ಲಿ ರೆಡಿಸಿಗೆ ಜೋಡಿಸುವ ಕೆಲವು ಮಾಡ್ಯೂಲುಗಳ ಲೈಸೆನ್ಸ್ ಬದಲಿಸಿದಾಗ ಗದ್ದಲವೆದ್ದಿತು. ಆಗ ಕಂಪನಿ ಕೊಟ್ಟ ಸಮಾಧಾನವೇನು? ಮೂಲ ರೆಡಿಸ್ ಬಿಎಸ್‌ಡಿಯಲ್ಲೇ ಉಳಿಯುತ್ತದೆ ಎಂದು. ಆ ಮಾತಿಗೆ ಆರು ವರ್ಷ ಆಯುಸ್ಸು. ನನ್ನ ಎದುರಾಳಿಗಳ ಬರಹದಲ್ಲಿ 2018 ಎಂಬ ಇಸವಿಯೇ ಎಲ್ಲೂ ಕಾಣುವುದಿಲ್ಲ.

ಮೂರನೆಯದು ಅವರು ತುಂಬ ನೆಚ್ಚಿಕೊಂಡಿರುವ ವಾದ: 2025ರ ಮೇನಲ್ಲಿ ರೆಡಿಸ್ 8 ಬಂತು, ಎಜಿಪಿಎಲ್ ಲೈಸೆನ್ಸೂ ಸೇರಿತು, ಈಗ ಅದು ಮತ್ತೆ ಮುಕ್ತ, ವ್ಯಾಲ್ಕೀಯ ಮಾತೇಕೆ? ಎಜಿಪಿಎಲ್ ನಿಜವಾದ ಮುಕ್ತ ಲೈಸೆನ್ಸ್, ಅದರಲ್ಲಿ ತಕರಾರಿಲ್ಲ. ಸಾನ್‌ಫಿಲಿಪ್ಪೊ 2024ರ ಕೊನೆಯಲ್ಲಿ ಕಂಪನಿಗೆ ಮರಳಿ ಬಂದದ್ದೂ ಒಳ್ಳೆಯದೇ ಆಯಿತು. ಆದರೆ ಮೊದಲ ವಾದವನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಮುಚ್ಚದೆ ಗತ್ಯಂತರವಿರಲಿಲ್ಲ ಎಂದವರು ಹದಿನಾಲ್ಕು ತಿಂಗಳು ತುಂಬುವ ಮೊದಲೇ ತೆರೆದದ್ದನ್ನೂ ಜಾಣತನವೆನ್ನುತ್ತಾರೆ. ಗತ್ಯಂತರವಿರಲಿಲ್ಲವಾದರೆ ತೆರೆದದ್ದು ಹೇಗೆ? ತೆರೆಯಲು ಸಾಧ್ಯವಿದ್ದರೆ ಮುಚ್ಚಿದ್ದೇಕೆ? ಈ ಎರಡರಲ್ಲಿ ಒಂದನ್ನು ಬಿಟ್ಟುಕೊಡಬೇಕು. ಬಿಟ್ಟುಕೊಟ್ಟವರು ಒಬ್ಬರೂ ಇಲ್ಲ. ಇದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. ರೆಡಿಸಿಗೆ ಕೋಡ್ ಕೊಡುವವರು ಕಂಪನಿಯ ಒಪ್ಪಂದಕ್ಕೆ ತಲೆಯಾಡಿಸಬೇಕು, ಮತ್ತು ಕಂಪನಿ ಆ ಕೋಡನ್ನು ತನಗೆ ಬೇಕಾದ ಲೈಸೆನ್ಸಿನಲ್ಲಿ ಹೊರಡಿಸಬಹುದು. ವ್ಯಾಲ್ಕೀಯಲ್ಲಿ ಅಂಥ ಒಪ್ಪಂದವಿಲ್ಲ. ಕೊಟ್ಟವರ ಕೋಡ್ ಬಿಎಸ್‌ಡಿಯಡಿ ಕೊಟ್ಟವರದೇ ಆಗಿ ಉಳಿಯುತ್ತದೆ. ಆದ್ದರಿಂದ ನನ್ನ ಪ್ರಶ್ನೆ ಇವತ್ತಿನ ಲೈಸೆನ್ಸ್ ಯಾವುದು ಎಂದಲ್ಲ, ನಾಳೆ ಅದನ್ನು ಬದಲಿಸುವ ಅಧಿಕಾರ ಯಾರ ಕೈಲಿದೆ ಎಂದು.

ನಾಲ್ಕು: ರೆಡಿಸೂ ವ್ಯಾಲ್ಕೀಯೂ ಒಂದೇ ತರಹ ಇರುವುದರಿಂದ, ತೊಂದರೆಯಾದರೆ ಆಮೇಲೆ ಬದಲಿಸಿಕೊಂಡರಾಯಿತು. ಹೀಗೆನ್ನುವವರು ಡಂಪ್ ಫೈಲನ್ನು ತೆರೆದು ನೋಡಿದವರಲ್ಲ. ರೆಡಿಸ್ ತನ್ನ ರ‍್ಯಾಮಿನಲ್ಲಿರುವುದನ್ನೆಲ್ಲ ಡಿಸ್ಕಿಗೆ ಇಳಿಸುವ ಈ ಆರ್‌ಡಿಬಿ ಫೈಲಿನ ಮೊದಲ ಐದು ಬೈಟುಗಳು ರೆಡಿಸ್ ಎಂಬ ಹೆಸರಿನ ಐದು ಇಂಗ್ಲಿಷ್ ಅಕ್ಷರಗಳು. ಅದರ ಬೆನ್ನಿಗೇ ನಾಲ್ಕು ಅಂಕಿ. ರೆಡಿಸ್ 7.2ರಲ್ಲಿ ಆ ಅಂಕಿ 0011. ಲೈಸೆನ್ಸ್ ಬದಲಾದ ಮೇಲೆ ಬಂದ 7.4ರಲ್ಲಿ 0012. ಹಳೆಯ ಫೈಲನ್ನು ವ್ಯಾಲ್ಕೀ 8 ನಿಸ್ಸಂಕೋಚವಾಗಿ ಎತ್ತಿಕೊಳ್ಳುತ್ತದೆ. ಹೊಸದನ್ನು ಕೊಟ್ಟರೆ, ಹನ್ನೆರಡನೇ ಆವೃತ್ತಿ ನನ್ನ ಕೈಲಾಗದು ಎಂದು ಹೇಳಿ ಅಲ್ಲೇ ನಿಂತುಬಿಡುತ್ತದೆ. ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪಿಸಿದ ಕಡತವನ್ನು ಯೂನಿಕೋಡ್ ಕಂಪ್ಯೂಟರಿನಲ್ಲಿ ತೆರೆದು, ಅಡ್ಡಾದಿಡ್ಡಿ ಇಂಗ್ಲಿಷ್ ಅಕ್ಷರಗಳನ್ನು ಕಂಡು ತಲೆ ಚಚ್ಚಿಕೊಂಡ ಯಾವ ಡಿಟಿಪಿಯವರನ್ನು ಕೇಳಿದರೂ ‘ಆಮೇಲೆ ಬದಲಿಸಿಕೊಂಡರಾಯಿತು’ ಎಂಬುದಕ್ಕೆ ಎಷ್ಟು ರಾತ್ರಿಗಳ ಬೆಲೆ ಎಂದು ಹೇಳುತ್ತಾರೆ. 7.2ರಲ್ಲಿದ್ದಾಗಲೇ ಹೊರಟವರಿಗೆ ಬರೀ ಫೈಲ್ ಸಾಗಿಸುವ ಕೆಲಸವಿತ್ತು. ತಡಮಾಡಿದವರು ರೆಡಿಸ್‌ಶೇಕ್‌ನಂಥ ವಲಸೆ ಸಲಕರಣೆಯನ್ನು ನಡುವೆ ಇಟ್ಟು ಪ್ರತಿ ಮಾಹಿತಿಗೂ ಇರುವ ಕೀಲಿಯನ್ನು (ಕೀ) ಹಿಡಿದು ಒಂದೊಂದಾಗಿ ಸಾಗಿಸಬೇಕು. ಅಂದಹಾಗೆ ಆ ಸಲಕರಣೆಯನ್ನು ಮುಕ್ತವಾಗಿ ಕೊಟ್ಟವರು ಅಲಿಬಾಬಾದವರು, ಪುಕ್ಕಟೆ ತಿನ್ನುತ್ತಾರೆಂದು ಮೊದಲ ವಾದದಲ್ಲಿ ಬೈಸಿಕೊಂಡವರ ಪೈಕಿಯೇ.

ಐದು: ಮುಕ್ತ ಸಲಕರಣೆಗಳು ಹವ್ಯಾಸಿಗಳಿಗೆ, ಗಂಭೀರ ಕೆಲಸಕ್ಕೆ ಕಂಪನಿಯ ರೆಡಿಸ್‌ಇನ್‌ಸೈಟ್‌ನಂಥ ಪಕ್ಕಾ ಸಾಮಾನು ಬೇಕು. ಆ ಪಕ್ಕಾ ಸಾಮಾನಿನ ಬೇರು ಬೆಂಗಳೂರಿನಲ್ಲಿದೆ ಎಂದು ಇವರಿಗೆ ಯಾರೂ ಹೇಳಿದಂತಿಲ್ಲ. ಹ್ಯಾಶ್ಡ್‌ಇನ್ ಕಂಪನಿಯ ಶ್ರೀಪತಿ ಕೃಷ್ಣನ್ ಅವರು ಆರ್‌ಡಿಬಿ ಫೈಲನ್ನು ಬಿಡಿಸಿ ಓದುವ ಪೈಥಾನ್ ಸಲಕರಣೆಯೊಂದನ್ನು ಮುಕ್ತವಾಗಿ ಬರೆದಿಟ್ಟಿದ್ದರು. ಹೆಸರು ರೆಡಿಸ್ ಆರ್‌ಡಿಬಿ ಟೂಲ್ಸ್. ಸರ್ವರಿಗೆ ಕೈ ಹಚ್ಚದೆ, ಬರೀ ಡಂಪ್ ಫೈಲನ್ನು ಕೊಟ್ಟರೆ ಸಾಕು, ಯಾವ ಕೀಲಿ ಎಷ್ಟು ಬೈಟ್ ತಿನ್ನುತ್ತಿದೆ, ಯಾವ ರೂಪದಲ್ಲಿ ಕೂತಿದೆ, ಒಳಗೆ ಎಷ್ಟು ಅಂಶಗಳಿವೆ ಎಂದು ಸಾಲುಸಾಲಾಗಿ ಪಟ್ಟಿ ಕೊಡುತ್ತಿತ್ತು. ಅದೇ ದಾರಿಯಲ್ಲಿ ಹ್ಯಾಶ್ಡ್‌ಇನ್ ಬೆಳೆಸಿದ ಆರ್‌ಡಿಬಿಟೂಲ್ಸ್ ಉತ್ಪನ್ನವನ್ನು ರೆಡಿಸ್ ಕಂಪನಿ 2019ರಲ್ಲಿ ಕೊಂಡುಕೊಂಡಿತು. ಅದೇ ವರ್ಷ ರೆಡಿಸ್‌ಇನ್‌ಸೈಟ್ ಆಗಿ ಹೊರಬಂತು. ಹವ್ಯಾಸಿಗಳದ್ದೆಂದು ಮೂಗು ಮುರಿಯುವ ದಾರಿಯಿಂದಲೇ ಪಕ್ಕಾ ಸಾಮಾನು ಬಂತು ಎಂದಾಯಿತು. ಆ ಪೈಥಾನ್ ಸಲಕರಣೆಯನ್ನು ಕೊನೆಗೆ ಕೈಬಿಟ್ಟರಲ್ಲ ಎನ್ನಬಹುದು. ಹೌದು, ಈಗ ಅದು ಹಳೆಯದು. ಆದರೆ ಅದೇ ಕೆಲಸವನ್ನು ಗೋ ಭಾಷೆಯಲ್ಲಿ ಮಾಡುವ ಮುಕ್ತ ಸಲಕರಣೆಗಳು ಬಂದಿವೆ. ಯಾರ ಅಪ್ಪಣೆಯೂ ಬೇಕಾಗಲಿಲ್ಲ.

ಆರನೆಯದು ನಯವಾದ ವಾದ: ಕ್ಲೌಡಿನವರು ಎಲ್ಲವನ್ನೂ ನೋಡಿಕೊಳ್ಳುತ್ತಾರೆ, ಒಳಗೆ ಇಣುಕುವ ಕೆಲಸ ನಿಮಗೇಕೆ? ಕನ್ನಡದವರಿಗೆ ಬೇಕಾದ ಕಾರಣ ಒಂದನ್ನು ಕೊಡುತ್ತೇನೆ. ರೆಡಿಸಿನಲ್ಲೂ ವ್ಯಾಲ್ಕೀಯಲ್ಲೂ ಒಬ್ಬ ಗ್ರಾಹಕನ ಹೆಸರು, ಊರು, ಫೋನ್ ಎಲ್ಲ ಸೇರಿಸಿ ಹ್ಯಾಶ್ ಎಂಬ ಕಟ್ಟಿನಲ್ಲಿಡುತ್ತಾರೆ. ಕಟ್ಟು ಸಣ್ಣದಿದ್ದರೆ ಅದು ಲಿಸ್ಟ್‌ಪ್ಯಾಕ್ ಎಂಬ ಬಿಗಿಯಾದ ರೂಪದಲ್ಲಿ ಕಡಿಮೆ ಜಾಗದಲ್ಲಿ ಕೂರುತ್ತದೆ. 7.2ರಲ್ಲಿ ಬದಲಿಸದೆ ಬಿಟ್ಟರೆ ಸಣ್ಣದು ಎಂಬುದರ ಮಿತಿ 512 ಅಂಶ, ಒಂದೊಂದೂ 64 ಬೈಟ್. ಒಂದೇ ಒಂದು ಅಂಶ 64 ದಾಟಿದರೂ ಇಡೀ ಕಟ್ಟು ಬಿಚ್ಚಿ ಹ್ಯಾಶ್‌ಟೇಬಲ್ ಆಗಿ ಹರಡಿಕೊಳ್ಳುತ್ತದೆ, ಮತ್ತೆ ತಾನಾಗಿ ಮಡಚಿಕೊಳ್ಳುವುದಿಲ್ಲ. ಈಗ ಲೆಕ್ಕ ಹಾಕಿ. ‘ಹದಿನಾರು, ನಂಜನಗೂಡು ತಾಲ್ಲೂಕು’ ಎಂಬ ವಿಳಾಸವನ್ನು ಇಂಗ್ಲಿಷಿನಲ್ಲಿ ಬರೆದರೆ 25 ಬೈಟ್. ಕನ್ನಡದ ಪ್ರತಿ ಅಕ್ಷರಕ್ಕೂ, ಪ್ರತಿ ಸ್ವರಚಿಹ್ನೆಗೂ ಯುಟಿಎಫ್-8ರಲ್ಲಿ ಮೂರು ಬೈಟ್ ಆದ್ದರಿಂದ ಕನ್ನಡದಲ್ಲಿ 72. ಹದಿನಾರು ಎಂಬ ಊರ ಹೆಸರೊಂದಕ್ಕೇ 21. ಜಿಲ್ಲೆಯ ಹೆಸರು ಬರುವ ಮೊದಲೇ ಮಿತಿ ಮೀರಿತು. ಊರ ಹೆಸರನ್ನು ಕನ್ನಡದಲ್ಲಿ ಇಟ್ಟ ತಪ್ಪಿಗೆ ರ‍್ಯಾಮ್ ಉಬ್ಬುತ್ತದೆ, ತಿಂಗಳ ಬಿಲ್ಲೂ ಅದರ ಜೊತೆಗೆ ಉಬ್ಬುತ್ತದೆ. ಕ್ಲೌಡಿನವರು ನೋಡಿಕೊಳ್ಳುತ್ತಾರೆ, ನಿಜ. ಬಿಲ್ಲನ್ನು ಬಹಳ ಚೆನ್ನಾಗಿ ನೋಡಿಕೊಳ್ಳುತ್ತಾರೆ. ಇನ್ನೂ ದೊಡ್ಡ ಮಷೀನು ತಗೊಳ್ಳಿ ಎಂಬುದು ಅವರ ಸಲಹೆಯಾದೀತು. ಆ 64 ಅನ್ನು ಸಂರಚನೆಯಲ್ಲಿ ಏರಿಸಿ, ಏರಿಸುವ ಮೊದಲಿನ ಮತ್ತು ಆಮೇಲಿನ ಡಂಪ್ ಫೈಲಿನ ಪಟ್ಟಿಗಳನ್ನು ಹೋಲಿಸಿ ನೋಡಿ ಎಂಬ ಸಲಹೆ ಒಳಗೆ ಇಣುಕಿದವರಿಂದ ಮಾತ್ರ ಬರುತ್ತದೆ.

ಏಳನೆಯದನ್ನು ಬೇಗ ಮುಗಿಸುತ್ತೇನೆ: ಇದೆಲ್ಲ ಬೆಂಗಳೂರಿನ ದೊಡ್ಡವರ ತಾಪತ್ರಯ, ಹಳ್ಳಿಯ ಸಣ್ಣ ಕೆಲಸಕ್ಕೆ ರ‍್ಯಾಮ್ ಡೇಟಾಬೇಸೂ ಬೇಡ, ಲೈಸೆನ್ಸಿನ ಚಿಂತೆಯೂ ಬೇಡ. ರೆಡಿಸಿನವರೇ ಕೊಡುವ ಅಂದಾಜಿನಂತೆ ಖಾಲಿ ರೆಡಿಸಿಗೆ ಸುಮಾರು 3 ಎಂಬಿ ಸಾಕು. ಹತ್ತು ಲಕ್ಷ ಸಣ್ಣ ಕೀಲಿಗಳಿಗೆ ಸುಮಾರು 85 ಎಂಬಿ. ಒಂದು ಊರಿನ ಡೈರಿಗೆ ಬೆಳಿಗ್ಗೆ ಸಂಜೆ ಹಾಲು ಹಾಕುವವರ ಲೀಟರು, ಫ್ಯಾಟು, ದರ ಎಲ್ಲ ಹಳೆಯ ಲ್ಯಾಪ್‌ಟಾಪಿನ ಒಂದು ಮೂಲೆಯಲ್ಲಿ ಹಿಡಿಸುತ್ತವೆ. ಲೈಸೆನ್ಸಿನ ಚಿಂತೆಯಂತೂ ಸಣ್ಣವರಿಗೇ ಹೆಚ್ಚು. ಒಂದು ಡೈರಿಗೆಂದು ಮಾಡಿಕೊಟ್ಟದ್ದನ್ನು ನಂಜನಗೂಡಿನ ಹುಡುಗನೊಬ್ಬ ನಾಳೆ ನಲವತ್ತು ಡೈರಿಗಳಿಗೆ ತಿಂಗಳ ಬಾಡಿಗೆಗೆ ನಡೆಸಿಕೊಡಲು ಹೊರಟರೆ, ಅದು ‘ಸೇವೆಯಾಗಿ ಒದಗಿಸುವುದು’ ಆಗುತ್ತದೆಯೋ ಇಲ್ಲವೋ ಎಂದು ಅವನು ಯಾರನ್ನು ಕೇಳಬೇಕು? ಬಿಎಸ್‌ಡಿಯಲ್ಲಿ ಆ ಪ್ರಶ್ನೆಯೇ ಏಳುವುದಿಲ್ಲ.

ಏಳು ಆಕ್ಷೇಪಗಳಲ್ಲಿ ಒಂದಾದರೂ ಕೋಡ್ ಕೊಡುವವರ ಒಪ್ಪಂದದ ಬಗ್ಗೆ ಬಾಯಿ ಬಿಟ್ಟಿಲ್ಲ. ನನ್ನ ಮೊದಲ ಬರಹದ ಅರ್ಧ ಭಾಗ ಇದ್ದದ್ದೇ ಅದರ ಮೇಲೆ. ಅದನ್ನು ಓದಿದ ಮೇಲೂ ಕೋಡಿನ ಹಕ್ಕು ಒಂದೇ ಕಂಪನಿಯ ಕೈಲಿರುವುದು ಲೇಸೆನ್ನುವವರಿದ್ದರೆ, ಕಾರಣ ಬರೆದು ಕಳಿಸಲಿ.